ಬಜಾರದ ಕಡೆ ತಿರುಗಿದ್ದ ಎರಡು ಹಾರ್ನು

ಮಾತಾಡಿದವನು ಮನೆಗೆ ಹೋಗಿ ಉಂಡು ಮಲಗಿದ, ಮೈಕು ಮಾತ್ರ ಠಾಣೆಗೆ ಹೋಯಿತು. ಇದು ಯಾವ ಸೀಮೆಯ ನ್ಯಾಯ ಎಂದು ಮೈಕ್ ಸೆಟ್ಟಿನ ಗುರುಸಂಗಪ್ಪ ಇವತ್ತಿಗೂ ಕೇಳುತ್ತಾನೆ. ಕೇಳುವಾಗ ಮೂಗಿನ ಹೊಳ್ಳೆ ಅರಳುತ್ತವೆ. ಕೈಯಲ್ಲಿ ಸ್ಕ್ರೂ ಡ್ರೈವರ್ ಇದ್ದರೆ ಅದು ಮೇಜಿಗೆ ಬಡಿಯುತ್ತದೆ.

ನಡೆದದ್ದು ತೊಂಬತ್ಮೂರರ ಬೇಸಿಗೆಯಲ್ಲಿ. ದೂರದ ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಸಲುವಾಗಿ ಸಭೆ ಇತ್ತು. ಹಗರಿಬೊಮ್ಮನಹಳ್ಳಿಯಿಂದ ಗುರುಸಂಗಪ್ಪನ ಸೆಟ್ಟು ಹೋಗಿತ್ತು. ಭಾಷಣಕ್ಕೆ ನಿಂತ ಮನುಷ್ಯ ನೀರಿನ ವಿಷಯ ಬಿಟ್ಟು ಸರ್ಕಾರಿ ಸಾಹೇಬರೊಬ್ಬರ ಮನೆಯ ಹೆಂಗಸರನ್ನೆಲ್ಲ ಎಳೆದು ಬೈದ. ಪೊಲೀಸರು ಬರುವಷ್ಟರಲ್ಲಿ ಆತ ಬಸ್ಸು ಹತ್ತಿ ಹೋಗಿದ್ದ. ವೇದಿಕೆಯ ಮೇಲೆ ಓಡಿಹೋಗಲು ಬಾರದ್ದು ಆಂಪ್ಲಿಫೈಯರ್ ಒಂದೇ. ಅದನ್ನೂ ಎರಡು ಹಾರ್ನು ಸ್ಪೀಕರುಗಳನ್ನೂ ಜೀಪಿಗೆ ಹಾಕಿದರು. ಕೈತುಂಬ ಮದುವೆಗಳಿದ್ದ ಕಾಲದಲ್ಲಿ ಇಪ್ಪತ್ಮೂರು ದಿನ ಸೆಟ್ಟು ಠಾಣೆಯ ಮೂಲೆಯಲ್ಲಿ ಕೂತಿತು. ಬಿಡಿಸಿಕೊಂಡು ತಂದು ಬಿಚ್ಚಿ ನೋಡಿದರೆ ಒಳಗೆ ಇಲಿ ಮರಿ ಹಾಕಿತ್ತು.

ಅಲ್ಲಿಂದಾಚೆಗೆ ಗುರುಸಂಗಪ್ಪ ಒಂದು ರೂಢಿ ಹಾಕಿಕೊಂಡ. ಯಾರೇ ಮಾತಾಡಲಿ, ಅವನ ಬಲಗೈ ವಾಲ್ಯೂಮ್ ಗುಂಡಿಯ ಮೇಲೆಯೇ. ಮಾತು ಬಿಸಿಯಾಗುತ್ತದೆ ಎನ್ನಿಸಿದ ಕೂಡಲೇ ಗುಂಡಿ ಮೆಲ್ಲಗೆ ಎಡಕ್ಕೆ ತಿರುಗುತ್ತಿತ್ತು. ಭಾಷಣಕಾರನ ತುಟಿ ಅಲ್ಲಾಡುತ್ತಿದ್ದವು, ದನಿ ಇರುತ್ತಿರಲಿಲ್ಲ. ಗುರುಸಂಗಪ್ಪ ವೈರು ಜಗ್ಗಿ ನೋಡುವವನಂತೆ ಮಾಡಿ, ಲೂಸ್ ಕನೆಕ್ಷನ್ ಎನ್ನುತ್ತಿದ್ದ. ಇದು ನಾಲ್ಕು ಊರಿಗೆ ಗೊತ್ತಾಗಿ ಅವನ ವ್ಯಾಪಾರ ಬೆಳೆಯಿತು. ಸಭೆ ನಡೆಸುವವರೇ ಮೊದಲು ಬಂದು ಸನ್ನೆ ಹೇಳಿ ಹೋಗುತ್ತಿದ್ದರು. ಒಬ್ಬರು ಕನ್ನಡಕ ತೆಗೆಯುವುದು, ಒಬ್ಬರು ಹೆಗಲ ಮೇಲಿನ ಶಾಲು ಸರಿ ಮಾಡಿಕೊಳ್ಳುವುದು. ಕೊಟ್ಟೂರು, ಕೂಡ್ಲಿಗಿ, ಹಡಗಲಿ ಎಲ್ಲ ಕಡೆಯೂ ಗುರುಸಂಗಪ್ಪನ ಸೆಟ್ಟೆಂದರೆ ದೊಡ್ಡವರಿಗೆ ಧೈರ್ಯ. ಅವನಿಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಬಾಡಿಗೆ ಕೊಟ್ಟವರು ಸಭೆಯ ಯಜಮಾನರು, ಅವರ ಕಣ್ಣು ಹೇಳಿದಂತೆ ಕೈ ಕೇಳಬೇಕು, ಅಷ್ಟೇ.

ತೊಂಬತ್ತೆಂಟರ ಜೂನ್ ತಿಂಗಳಲ್ಲಿ ನಾಗಲಿಂಗಮ್ಮ ಮೇಡಂ ಅವನ ಅಂಗಡಿಗೆ ಬಂದರು. ಹರಪನಹಳ್ಳಿ ತಾಲೂಕಿನ ಅರಸೀಕೆರೆಯವರು. ಊರಾಚೆಯ ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದರು. ಮೂವತ್ತಾರು ಮೂವತ್ತೇಳರ ವಯಸ್ಸು, ಹತ್ತಿಯ ಸೀರೆ, ಕೈಯಲ್ಲಿ ಮಡಚುವ ಕೊಡೆ.

"ಶನಿವಾರ ಶನಿವಾರ ಮಧ್ಯಾಹ್ನ ಎರಡು ತಾಸು ಮೈಕ್ ಬೇಕಾಗಿತ್ತು. ಕಾಲೇಜಿನ ಬೇವಿನ ಗಿಡದ ಕೆಳಗೆ."

"ಹಾಡು ಹಾಕೋದೇನ್ರಿ?"

"ಹಾಡಲ್ಲ. ನಮ್ಮ ಹುಡುಗ್ರು ಮಾತಾಡಾಕೆ."

"ಅದಕ್ಕ ಮೈಕ್ ಯಾಕ್ರಿ? ಅವರ ಬಾಯಿ ಹಂಗಾ ರೈಲ್ವೆ ಸ್ಟೇಷನ್ ತನ ಕೇಳ್ತೈತಿ."

"ಗೆಳೆಯರ ಜೊತೆ ಕೇಳ್ತೈತೆ. ಎದುರಿಗೆ ನಾಲ್ಕು ಮಂದಿ ಕುಂತ್ರೆ ನಾಲಗೆ ಅಂಟ್ಕಂತೈತೆ. ಬಾಡಿಗೆ ನೀವು ಹೇಳಿದಂಗೆ. ಒಂದೇ ಕರಾರು, ಗುಂಡಿ ಮ್ಯಾಲೆ ಕೈ ಇಡಂಗಿಲ್ಲ."

ಗುರುಸಂಗಪ್ಪ ಕೈಯಲ್ಲಿದ್ದ ವೈರು ಕೆಳಗಿಟ್ಟ. "ಯಾರಂದ್ರು ನಿಮಗ?"

"ಯಾರೂ ಅನ್ಲಿಲ್ಲ. ಮಾರ್ಚ್ ತಿಂಗಳು ಮಹಿಳಾ ದಿನದ ಸಭೆಲಿ ಮಾತಾಡ್ತಿದ್ದೋಳು ನಾನೇ. ಸಾರಾಯಿ ಅಂಗಡಿ ಅನ್ನೋ ಹೊತ್ತಿಗೆ ನನ್ನ ದನಿ ನನಗೇ ಕೇಳ್ಲಿಲ್ಲ. ತಿರುಗಿ ನೋಡಿದ್ರೆ ನೀವು ಗುಂಡಿ ಹಿಡ್ಕಂಡು ಆಕಾಶ ನೋಡ್ತಿದ್ರಿ."

ಗುರುಸಂಗಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಸೆಟ್ ನಂದು, ಗುಂಡಿ ನಂದು. ನಾಳಿ ಠಾಣಿ ಮುಂದ ಹೋಗಿ ಕೈ ಕಟ್ಗೊಂಡು ನಿಂದ್ರೋನೂ ನಾನು. ನೀವು ಭಾಷಣ ಮಾಡಿ ಮನಿಗೆ ಹೋಗ್ತೀರಿ" ಎಂದು ಶುರು ಮಾಡಿದವನು, ಆ ಇಪ್ಪತ್ಮೂರು ದಿನದ ಕಥೆಯನ್ನು ಒಂದೇ ಉಸಿರಿಗೆ ಹೇಳಿದ. ಜೀಪು, ಮೂಲೆ, ತಪ್ಪಿದ ಮದುವೆಗಳು, ಇಲಿಮರಿ, ಯಾವುದನ್ನೂ ಬಿಡಲಿಲ್ಲ. ಮೇಡಂ ಬೆಂಚಿನ ಮೇಲೆ ಕೂತು ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯತನಕ ಕೇಳಿದರು. ಐದು ವರ್ಷದಲ್ಲಿ ಆ ಕಥೆಯನ್ನು ನಡುವೆ ಬಾಯಿ ಹಾಕದೆ ಕೇಳಿದವರು ಅವರೊಬ್ಬರೇ. ಅವನ ಹೆಂಡತಿ ಜಂಬಕ್ಕ ಸಹ ಕಥೆಯಲ್ಲಿ ಜೀಪು ಬಂದ ಕೂಡಲೇ ಎದ್ದು ಹೋಗುತ್ತಿದ್ದಳು.

"ಆ ಮನುಷ್ಯ ನೀರಿನ ಬಗ್ಗೆ ಎಷ್ಟು ಮಾತಾಡಿದ?" ಎಂದು ಕೇಳಿದರು ಮೇಡಂ.

"ಎರಡು ಮಾತೂ ಇಲ್ರಿ. ಬರೇ ಬೈಗುಳ."

"ನೀರು ಬಂತಾ ಆ ಊರಿಗೆ?"

"ಎಲ್ಲಿ ಬರ್ತೈತ್ರಿ."

"ಇದನ್ನೇ ಬಂದು ನಮ್ಮ ಹುಡುಗ್ರಿಗೆ ಹೇಳ್ರಿ. ಮಾತಾಡೋ ಹಕ್ಕು ಪುಸ್ತಕದಾಗೆ ಹೆಂಗೈತೆ ಅಂತ ನಾನು ಹೇಳ್ತೀನಿ. ಠಾಣೆಲಿ ಹೆಂಗೈತೆ ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತೈತೆ."

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ಕೆಳಗಿಟ್ಟ ವೈರನ್ನು ಮತ್ತೆ ಎತ್ತಿಕೊಂಡು ಸುತ್ತತೊಡಗಿದ. ಬಾಡಿಗೆ ಎಷ್ಟೆಂದು ಹೇಳುವುದನ್ನೂ ಮರೆತ.

ಪಕ್ಕದ ಅಂಗಡಿಯಲ್ಲಿ ಫಕೀರಸಾಬ ಇದ್ದ. ರೇಡಿಯೋ, ಟೇಪು, ಸುಟ್ಟ ಹಾರ್ನಿನ ಯೂನಿಟ್ಟು ರಿಪೇರಿ ಮಾಡುವವನು, ಗುರುಸಂಗಪ್ಪನ ಚಿಕ್ಕಂದಿನ ಗೆಳೆಯ. ಅವನ ಮಗಳು ಅಫ್ರೀನ್ ಅದೇ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷ. ಮೇಡಂ ಹೋದ ಮೇಲೆ ಫಕೀರಸಾಬ ಗೋಡೆಯಾಚೆಯಿಂದ ಕೂಗಿದ.

"ಲೇ ಗುರುಸಂಗ, ಸಾಲಿಗೆ ಕಳಸಿದ್ರ ಹುಣಸಿಗಿಡ ಹತ್ತಿ ಕುಂದ್ರತಿದ್ದಿ. ಈಗ ಕಾಲೇಜಿನಾಗ ಪಾಠ ಹೇಳಾಕ ಹೊಂಟೀಯಲ್ಲೋ."

"ನಿನ್ನ ಮಗಳಿಗೇ ಹೇಳಾಕ ಹೊಂಟೀನಿ. ಮನ್ಯಾಗ ನೀ ಹೇಳಿದ್ದು ಆಕಿ ಒಂದೂ ಕೇಳಂಗಿಲ್ಲ ಅಂತಲ್ಲ, ನಾನರ ಹೇಳ್ತೀನಿ."

"ಹೇಳು ಹೇಳು. ಆಕಿ ನಿನಗ ಹೇಳಲಿಲ್ಲಂದ್ರ ಸಾಕು."

ಮೊದಲ ಶನಿವಾರ ಬೇವಿನ ಗಿಡದ ಕೆಳಗೆ ನಲವತ್ತು ಮಂದಿ ಇದ್ದರು. ಮೈಕಿನ ಮುಂದೆ ಬಂದವರು ಮೊದಲು ಊದುವುದು, ಆಮೇಲೆ ಬೆರಳಿಂದ ಬಡಿಯುವುದು, ಆಮೇಲೆ ನಕ್ಕು ಓಡಿಹೋಗುವುದು. ಗುರುಸಂಗಪ್ಪನಿಗೆ ಊದಿದರೆ ಮೈ ಉರಿಯುತ್ತದೆ. ಎದ್ದು ಬಂದವನೇ ಗದರಿದ. "ಅದೇನು ಒಲಿನಾ? ಊದಬ್ಯಾಡ್ರಿ. ನಾಕು ಬೆರಳು ದೂರ ನಿಂದ್ರಿ. ಮೊದಲು ನಿಮ್ಮ ಹೆಸರು ಹೇಳ್ರಿ, ನಿಮ್ಮೂರಿನ ಹೆಸರು ಹೇಳ್ರಿ. ಆಮ್ಯಾಲೆ ಉಳಿದದ್ದು."

ಹುಡುಗರು ಗಾಬರಿಯಾಗಿ ಮೇಡಂ ಕಡೆ ನೋಡಿದರೆ ಅವರು ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದರು.

ಹಾಗೆ ಶುರುವಾಯಿತು. ಮೇಡಂ ಹತ್ತು ನಿಮಿಷ ಸಂವಿಧಾನದ ಮಾತು ಹೇಳುತ್ತಿದ್ದರು. ಆಮೇಲೆ ಗುರುಸಂಗಪ್ಪನ ಸರದಿ. ಅವನ ಪಾಠವೆಲ್ಲ ಪೆಟ್ಟು ತಿಂದು ಕಲಿತದ್ದು. ಬೈದರೆ ಕೇಸಾಗುತ್ತದೆ, ಹೇಳಬಂದ ವಿಷಯ ಅಲ್ಲಿಗೇ ಮುಗಿಯುತ್ತದೆ. ತಾರೀಖು ಹೇಳಿದರೆ, ಜಾಗ ಹೇಳಿದರೆ, ಎದುರಿನವನು ಉತ್ತರ ಹುಡುಕಬೇಕಾಗುತ್ತದೆ. ಕೇಳಿದ ಸುದ್ದಿ ಬೇರೆ, ಕಂಡದ್ದು ಬೇರೆ. ಕಂಡದ್ದನ್ನು ಮಾತ್ರ ಮೈಕಿನಲ್ಲಿ ಹೇಳು. ಸಭೆಗೆ ಅನುಮತಿ ಕೇಳುವ ಅರ್ಜಿಯನ್ನು ಎರಡು ಪ್ರತಿ ಬರೆಯಬೇಕು, ಒಂದು ಕೊಟ್ಟು ಇನ್ನೊಂದಕ್ಕೆ ಸೀಲು ಹಾಕಿಸಿಕೊಳ್ಳಬೇಕು. ಸೀಲು ಹಾಕುವವರು ಊಟಕ್ಕೆ ಹೋಗಿದ್ದಾರೆ ಎಂದರೆ ಅಲ್ಲೇ ಬೆಂಚಿನ ಮೇಲೆ ಕೂಡಬೇಕು, ಊಟ ಎಷ್ಟು ಹೊತ್ತು ಮಾಡುತ್ತಾರೆ? ಇದನ್ನೆಲ್ಲ ಹೇಳುವಾಗ ಅವನು ಸಿಟ್ಟಿನಲ್ಲೇ ಹೇಳುತ್ತಿದ್ದ, ಹುಡುಗರು ನಗುತ್ತ ಬರೆದುಕೊಳ್ಳುತ್ತಿದ್ದರು. ದಸರಾ ರಜೆಯ ಹೊತ್ತಿಗೆ ಅವನಿಗೆ ಮೈಕ್ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ತಮಾಷೆಗೆ ಇಟ್ಟ ಹೆಸರೇ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಸಲ ಒಬ್ಬ ಹುಡುಗ ಸೈಕಲ್ಲಿನಿಂದ ಇಳಿದು "ನಮಸ್ಕಾರ ಮೇಷ್ಟ್ರೇ" ಎಂದಾಗ ಗುರುಸಂಗಪ್ಪ ಮನೆಗೆ ಹೋಗಿ ಜಂಬಕ್ಕನಿಗೆ ಎರಡು ಸಲ ಹೇಳಿದ.

ಕರಾರು ಮುರಿಯುವ ಗಳಿಗೆ ಬಂದದ್ದು ಆ ಡಿಸೆಂಬರಿನಲ್ಲಿ. ಅಫ್ರೀನ್ ಮೈಕಿನ ಮುಂದೆ ಬಂದು ನಾಲ್ಕು ಬೆರಳು ದೂರ ನಿಂತಳು. ಹೆಸರು ಹೇಳಿದಳು, ಊರು ಹೇಳಿದಳು.

"ಈ ವರ್ಷ ಏಪ್ರಿಲ್ ಹನ್ನೊಂದನೇ ತಾರೀಖು. ನಮ್ಮ ಓಣಿಯಾಗ ಮದುವಿ. ನಸುಕಿನ ನಾಕಕ್ಕ ಎರಡು ಹಾರ್ನ್ ಶುರು ಆದ್ವು. ನನ್ನ ಪಿ.ಯು. ಪರೀಕ್ಷಿ ಇತ್ತು. ಓದಾಕ ಆಗ್ಲಿಲ್ಲ. ಬಾಜೂ ಮನ್ಯಾಗ ಹಾಸಿಗಿ ಹಿಡಿದ ಅಜ್ಜಿ ಇದ್ರು, ಅವರು ಅತ್ರು. ಹಾರ್ನ್ ಹಚ್ಚಿದೋರು ಇಲ್ಲೇ ಕುಂತಾರ. ಗುರುಸಂಗಪ್ಪ ಕಾಕಾ."

ನಲವತ್ತು ತಲೆಗಳು ಇವನ ಕಡೆ ತಿರುಗಿದವು. ಗುರುಸಂಗಪ್ಪನ ಕಿವಿ ಕೆಂಪಗಾಯಿತು. ಅವನ ಸೆಟ್ಟು, ಅವನ ಮೈಕು, ಅವನು ಕಲಿಸಿದ ತಾರೀಖು, ಎಲ್ಲ ಸೇರಿ ಅವನಿಗೇ ಬಡಿಯುತ್ತಿದ್ದವು. ಅವನಿಗೆ ಗೊತ್ತಿಲ್ಲದೆಯೇ ಬಲಗೈ ಗುಂಡಿಗೆ ಹೋಯಿತು. ಮೇಡಂ ಆ ಕೈಯನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹುಡುಗನೊಬ್ಬ ಕಷ್ಟದ ಲೆಕ್ಕ ಬಿಡಿಸುವಾಗ ಮೇಷ್ಟ್ರು ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದರು. ಗುರುಸಂಗಪ್ಪ ಕೈ ತೆಗೆದು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತುಬಿಟ್ಟ. ಅಫ್ರೀನ್ ಇನ್ನೂ ಎರಡು ನಿಮಿಷ ಮಾತಾಡಿದಳು. ಅಜ್ಜಿಯ ಹೆಸರು ಮಾಳಮ್ಮ ಎಂಬುದನ್ನೂ ಹೇಳಿಯೇ ಇಳಿದಳು.

ಅವತ್ತು ಸಂಜೆ ಅವನು ಫಕೀರಸಾಬನ ಅಂಗಡಿಗೆ ನುಗ್ಗಿದ. "ನಿನ್ನ ಮಗಳು ನನ್ನ ಮಾನ ಹರಾಜು ಹಾಕಿದಳಲೇ."

ಫಕೀರಸಾಬ ಕಾದ ಸೋಲ್ಡರ್ ಕಡ್ಡಿಯಿಂದ ಕಣ್ಣೆತ್ತಲಿಲ್ಲ. "ಸುಳ್ಳು ಹೇಳ್ಯಾಳೇನು?"

"ಸುಳ್ಳಲ್ಲ."

"ಬೈದಾಳೇನು?"

"ಕಾಕಾ ಅಂತ ಕರದಾಳ."

"ಮತ್ತೇನಪ್ಪ ಮೇಷ್ಟ್ರೇ. ಪಾಸ್ ಮಾಡು ಆಕಿನ್ನ."

ಗುರುಸಂಗಪ್ಪ ಒಂದು ವಾರ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಎಂಟನೇ ದಿನ ಒಂದು ಮದುವೆಯವರು ಬಂದಾಗ, ಬೆಳಗ್ಗೆ ಆರಕ್ಕಿಂತ ಮೊದಲು ಹಾರ್ನ್ ಹಚ್ಚುವುದಿಲ್ಲ ಎಂದ. ಅವರು ಬೇರೆ ಸೆಟ್ಟು ಹುಡುಕಿಕೊಂಡು ಹೋದರು. ಮುಂದಿನವರು ಒಪ್ಪಿದರು. ಅಂಗಡಿಯ ಬಾಗಿಲಿಗೆ ಹಾಗೆಂದು ಬರೆದು ಅಂಟಿಸಿದ, ತನ್ನ ಕೈಯಾರೆ, ಅಕ್ಷರ ಒಂದೊಂದೂ ಒಂದೊಂದು ಅಳತೆಯಲ್ಲಿ. ಮೇಡಂ ಅದನ್ನು ಓದಿ ನಕ್ಕು, ಒಂದು ಒತ್ತಕ್ಷರ ತಿದ್ದಿಕೊಟ್ಟರು. ತನ್ನ ಬರಹವನ್ನು ಒಬ್ಬರು ಓದಿ ತಿದ್ದಿದರು ಎಂಬ ಸಂತೋಷ ಅವನಿಗೆ ನಲವತ್ತರ ಮೇಲೆ ಸಿಕ್ಕಿತು. ಅಲ್ಲಿಂದ ದಿನಪತ್ರಿಕೆ ಓದುವುದು ಅಭ್ಯಾಸವಾಯಿತು. ಪಿಂಚಣಿ ನಿಂತ ಮುದುಕಿಯರಿಗೆ, ರೇಷನ್ ಕಾರ್ಡಿನವರಿಗೆ ಅರ್ಜಿ ಬರೆದುಕೊಡತೊಡಗಿದ. ಮಾಹಿತಿ ಹಕ್ಕಿನ ಕಾಯಿದೆ ಬಂದಾಗ ಅದರ ಅರ್ಜಿಯನ್ನು ತನ್ನ ಓಣಿಯಲ್ಲಿ ಮೊದಲು ಬರೆದವನೂ ಅವನೇ. ಅದೆಲ್ಲದರ ಬೇರು ಆ ಬೇವಿನ ಗಿಡದ ಕೆಳಗೇ ಇತ್ತು.

ಎರಡು ಸಾವಿರದ ಇಸವಿ, ಫೆಬ್ರವರಿ. ಕಾಲೇಜಿನ ವಾರ್ಷಿಕೋತ್ಸವ.

ಕಾಲೇಜಿಗೆ ಲೇಡೀಸ್ ರೂಮ್ ಎಂದು ಒಂದು ಕೋಣೆ ಕಟ್ಟಿಸಿದ್ದರು, ಅದಕ್ಕೆ ಸೇರಿದಂತೆ ಶೌಚಾಲಯ. ಆಡಳಿತ ಮಂಡಳಿಯ ಅಧ್ಯಕ್ಷರದು ಶೇಂಗಾ ವ್ಯಾಪಾರ. ಒಂದು ಮಳೆಗಾಲ ಚೀಲ ಇಡಲು ಜಾಗ ಸಾಲದೆ ಆ ಕೋಣೆಯಲ್ಲಿ ಇಡಿಸಿದರು. ಮಳೆಗಾಲ ಹೋಯಿತು, ಚೀಲ ಹೋಗಲಿಲ್ಲ. ಬಾಗಿಲಿಗೆ ಬೀಗ. ಹುಡುಗಿಯರು ಮೂರು ಅರ್ಜಿ ಬರೆದಿದ್ದರು, ಎರಡೆರಡು ಪ್ರತಿ, ಸೀಲು ಸಮೇತ. ಉತ್ತರ ಬಂದಿರಲಿಲ್ಲ. ಅಫ್ರೀನ್ ಆ ವರ್ಷ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ವಾರ್ಷಿಕ ವರದಿ ಓದುವುದು ಅವಳ ಪಾಲಿಗೆ ಬಂದಿತ್ತು. ಏನು ಓದುತ್ತಾಳೆಂದು ಎಲ್ಲರಿಗೂ ಅಂದಾಜಿತ್ತು, ಅಧ್ಯಕ್ಷರಿಗೂ.

ವಾರ್ಷಿಕೋತ್ಸವದ ದಿನ ಸೆಟ್ಟು ಕಟ್ಟುವುದಕ್ಕೆ ಒಂದು ಕ್ರಮವಿದೆ. ಪೆಂಡಾಲಿನ ಒಳಗೆ ಎರಡು ಸ್ಪೀಕರ್ ಬಾಕ್ಸು. ಮಾಳಿಗೆಯ ಮೇಲೆ ಎರಡು ಹಾರ್ನು, ಬಜಾರದ ಕಡೆ ಮುಖ ಮಾಡಿ. ಕಾರ್ಯಕ್ರಮಕ್ಕೆ ಮೊದಲು ಹಾರ್ನಿನಲ್ಲಿ ಹಾಡು ಹಾಕಬೇಕು, ಊರಿಗೆ ಗೊತ್ತಾಗಲಿ ಎಂದು. ಪ್ರಾರ್ಥನೆ ಮುಗಿದ ಕೂಡಲೇ ಹಾರ್ನಿನ ವೈರು ಬಿಚ್ಚಬೇಕು. ಠಾಣೆಯ ಅನುಮತಿ ಇರುವುದೂ ಅಲ್ಲಿಯ ತನಕವೇ. ಹದಿನೈದು ವರ್ಷದಲ್ಲಿ ಗುರುಸಂಗಪ್ಪ ಅದನ್ನು ಒಮ್ಮೆಯೂ ತಪ್ಪಿದವನಲ್ಲ.

ಅವತ್ತು ಪ್ರಾರ್ಥನೆ ನಡೆಯುವಾಗಲೇ ಅಧ್ಯಕ್ಷರು ಅವನನ್ನು ವೇದಿಕೆಯ ಪಕ್ಕಕ್ಕೆ ಕರೆದರು. ಮುಖದಲ್ಲಿ ನಗು, ದನಿ ಸಣ್ಣದು.

"ಸಾಬರ ಹುಡುಗಿ ವರದಿ ಓದೋ ಹೊತ್ತಿನ್ಯಾಗ ನನ್ನ ಕಡಿ ನೋಡ್ತಿರು. ನಾ ಶಾಲು ಸರಿ ಮಾಡ್ಕೊಂಡ್ನಂದ್ರ ನಿನಗ ಗೊತ್ತೈತಲ್ಲ."

"ಆಗ್ಲಿ ಬಿಡ್ರಿ ಯಜಮಾನ್ರ" ಎಂದು ಬಾಯಿ ತಾನಾಗಿಯೇ ಹೇಳಿತು. ವಾಪಸು ಬಂದು ಆಂಪ್ಲಿಫೈಯರಿನ ಮುಂದೆ ಕೂತ. ಅಧ್ಯಕ್ಷರ ಶಾಲು ಬಿಟ್ಟು ಅವನ ಕಣ್ಣಿಗೆ ಬೇರೆ ಏನೂ ಕಾಣಲಿಲ್ಲ. ಪ್ರಾರ್ಥನೆ ಮುಗಿಯಿತು. ಸ್ವಾಗತ ಮುಗಿಯಿತು. ಹಾರ್ನಿನ ವೈರು ಹಾಗೆಯೇ ಇತ್ತು. ಹಾರ್ನಿನ ಬೆನ್ನಿಗೆ, ಬಾಕ್ಸಿನ ಪಕ್ಕದಲ್ಲಿ ಕೂತವನಿಗೆ ಮಾಳಿಗೆಯ ಮೇಲಿನ ಸದ್ದು ಗೊತ್ತಾಗುವುದಿಲ್ಲ.

ಅಫ್ರೀನ್ ಎದ್ದು ಬಂದಳು. ಆಟೋಟದಲ್ಲಿ ಗೆದ್ದವರ ಹೆಸರು ಓದಿದಳು, ಶಿಬಿರದ ಸುದ್ದಿ ಓದಿದಳು. ಹಾಳೆ ತಿರುವಿದಳು.

"ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿನಿಯರು ನೂರಾ ಹದಿನಾಲ್ಕು ಮಂದಿ. ಲೇಡೀಸ್ ರೂಮ್ ಒಂದು. ಅದಕ್ಕೆ ಬೀಗ ಬಿದ್ದು ಇವತ್ತಿಗೆ ಒಂದು ವರ್ಷ ಏಳು ತಿಂಗಳು. ಒಳಗೆ ಶೇಂಗಾ ಚೀಲ ಇವೆ. ಜುಲೈ ಹದಿನಾರಕ್ಕೆ, ಸೆಪ್ಟೆಂಬರ್ ಮೂರಕ್ಕೆ, ಡಿಸೆಂಬರ್ ಒಂದಕ್ಕೆ ಅರ್ಜಿ ಕೊಟ್ಟಿದ್ದೇವೆ. ಮೂರಕ್ಕೂ ಆಫೀಸಿನ ಸೀಲು ಇದೆ."

ಶಾಲು ಅಲ್ಲಾಡಿತು.

ಗುರುಸಂಗಪ್ಪ ನೋಡಿದ. ಅಧ್ಯಕ್ಷರು ಇನ್ನೊಮ್ಮೆ ಶಾಲು ಎಳೆದುಕೊಂಡರು, ಈ ಸಲ ಜೋರಾಗಿ. ವರ್ಷಕ್ಕೆ ಹತ್ತು ಕಾರ್ಯಕ್ರಮ ಕೊಡುವ ಸಂಸ್ಥೆ ಅದು. ಅವನ ಕೈ ಮೇಲಕ್ಕೆದ್ದಿತು, ಗುಂಡಿಯ ಹತ್ತಿರ ಹೋಯಿತು. ಎದುರಿಗೆ ಫಕೀರಸಾಬನ ಮಗಳು ನಾಲ್ಕು ಬೆರಳು ದೂರ ನಿಂತು, ತಾನು ಹೇಳಿಕೊಟ್ಟಂತೆಯೇ ಹೆಸರು, ತಾರೀಖು, ಜಾಗ ಹೇಳುತ್ತಿದ್ದಾಳೆ. ಗುರುಸಂಗಪ್ಪ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡ.

"ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆಗೆ ಹೋಗುವ ತನಕ ನಾವು ನೀರು ಕುಡಿಯುವುದನ್ನು ಬಿಟ್ಟಿದ್ದೇವೆ. ಈ ವರದಿಯಲ್ಲಿ ಅದನ್ನೂ ಸೇರಿಸಬೇಕು ಅಂತ ನೂರಾ ಹದಿನಾಲ್ಕು ಮಂದಿ ಸಹಿ ಮಾಡಿದ್ದಾರೆ" ಎಂದು ಹೇಳಿ ಅಫ್ರೀನ್ ಹಾಳೆ ಮಡಚಿದಳು.

ಪೆಂಡಾಲಿನಲ್ಲಿ ಚಪ್ಪಾಳೆ ಬಿತ್ತು. ಅದು ನಿಂತ ಮೇಲೂ ದೂರದಲ್ಲಿ, ಬಜಾರದ ಕಡೆಯಿಂದ, ಇನ್ನೊಂದು ಗದ್ದಲ ಕೇಳುತ್ತಿತ್ತು. ಗುರುಸಂಗಪ್ಪ ತಲೆಯೆತ್ತಿ ಮಾಳಿಗೆ ನೋಡಿದ. ಹಾರ್ನಿನ ವೈರು ಬಿಚ್ಚಿರಲಿಲ್ಲ. ವರದಿಯ ಒಂದೊಂದು ಅಕ್ಷರವೂ ಸಂತೆಯ ದಿನದ ಬಜಾರಕ್ಕೆ ಹೋಗಿತ್ತು.

ಕಾರ್ಯಕ್ರಮ ಮುಗಿಯುವ ಮೊದಲೇ ಪ್ರಾಂಶುಪಾಲರ ಕೋಣೆಗೆ ಕರೆಸಿದರು. ಅಧ್ಯಕ್ಷರಿದ್ದರು, ಬಂದೋಬಸ್ತಿಗೆ ಬಂದಿದ್ದ ಪೊಲೀಸ್ ದಫೇದಾರರಿದ್ದರು, ಗೋಡೆಗೆ ಒರಗಿ ನಾಗಲಿಂಗಮ್ಮ ಮೇಡಂ ನಿಂತಿದ್ದರು.

"ಪೆಂಡಾಲಿನ್ಯಾಗ ಅಂದಿದ್ರ ಮನಿ ಮಾತು ಆಕ್ಕಿತ್ತು" ಎಂದರು ಅಧ್ಯಕ್ಷರು. "ಊರಿಗೆಲ್ಲ ಡಂಗುರ ಹೊಡಸಿದಂಗ ಆತು. ಹೊರಗಿನ ಹಾರ್ನ್ ಬಿಚ್ಚಬ್ಯಾಡ ಅಂತ ನಿನಗ ಯಾರು ಹೇಳಿದ್ರಲೇ?"

ದಫೇದಾರರು ಅನುಮತಿ ಪತ್ರ ನೋಡಿದರು. "ಪ್ರಾರ್ಥನೆ ತನ ಮಾತ್ರ ಅಂತ ಬರದೈತಿ. ಸೆಟ್ಟು ಸ್ಟೇಷನ್ನಿಗೆ ಒಯ್ಯಬೇಕಾಕ್ಕತಿ."

ಇಪ್ಪತ್ಮೂರು ದಿನ ಗುರುಸಂಗಪ್ಪನ ಕಣ್ಣ ಮುಂದೆ ಬಂದು ನಿಂತವು. ಮರೆತೆ ಎಂದು ಹೇಳಬೇಕು. ಯಾರೂ ಹೇಳಲಿಲ್ಲ, ನನ್ನ ಕೈತಪ್ಪು ಎನ್ನಬೇಕು. ಬಾಯಿ ತೆರೆದ. ನಾಲಗೆ ಅಂಗುಳಕ್ಕೆ ಅಂಟಿತ್ತು.

"ನಾನು ಹೇಳಿದ್ದು" ಎಂದರು ಮೇಡಂ. "ಬಿಚ್ಚಬ್ಯಾಡ ಅಂತ ನಾನೇ ಹೇಳಿದ್ದೆ. ಅನುಮತಿ ಪತ್ರಕ್ಕೆ ಸಹಿ ನಂದೇ ಐತೆ, ಜವಾಬ್ದಾರಿನೂ ನಂದೇ. ಅವರು ಬಾಡಿಗೆಗೆ ಬಂದೋರು, ಹೇಳಿದಂಗೆ ಮಾಡ್ಯಾರೆ."

ಎಲ್ಲರೂ ಮೇಡಂ ಮುಖ ನೋಡುತ್ತಿದ್ದರು, ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. ಆ ನಿಮಿಷದಲ್ಲಿ ಗುರುಸಂಗಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ತೆರೆದ ಬಾಯಿ ಮುಚ್ಚಿದ.

ಸೆಟ್ಟು ಮನೆಗೆ ಬಂತು.

ಮರುದಿನ ಬಜಾರದಲ್ಲಿ ಅಧ್ಯಕ್ಷರ ಕಾರು ಕಾಯಿಪಲ್ಲೆ ಮಾರುವ ಬೊಮ್ಮಮ್ಮನ ಮುಂದೆ ನಿಂತಾಗ ಅವಳು ತಕ್ಕಡಿ ಕೆಳಗಿಟ್ಟು ಬಂದು ಕೇಳಿದಳಂತೆ. "ನಮ್ಮ ಮೊಮ್ಮಗಳು ನಿಮ್ಮ ಕಾಲೇಜಿಗೆ ಬರ್ತಾಳ್ರಿ ಯಪ್ಪಾ. ಶೇಂಗಾಕ್ಕ ಇರೋ ಕ್ವಾಣಿ ಆಕಿಗೆ ಇಲ್ಲೇನ್ರಿ?" ಹಾಗೆ ಕೇಳಿದವರು ಅವಳೊಬ್ಬಳೇ ಅಲ್ಲ. ನಾಲ್ಕನೇ ದಿನ ಚೀಲ ಹೊರಗೆ ಹೋದವು, ಆರನೇ ದಿನ ನಲ್ಲಿಗೆ ನೀರು ಬಂತು. ಜೂನ್ ತಿಂಗಳಲ್ಲಿ ನಾಗಲಿಂಗಮ್ಮ ಮೇಡಂಗೆ ಆದೇಶ ಬಂತು. ಅದೇ ಸಂಸ್ಥೆಯವರು ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಲ್ಲಿ ನಡೆಸುತ್ತಿದ್ದ ಜೂನಿಯರ್ ಕಾಲೇಜಿಗೆ ವರ್ಗ. ಶನಿವಾರದ ಮಾತು ನಿಂತಿತು.

ಊರು ಮೇಡಂ ಅವರನ್ನು ಹೊಗಳಿತು. ಹಾರ್ನನ್ನು ಬಜಾರದ ಕಡೆ ತಿರುಗಿಸಿದ ಗಟ್ಟಿಗಿತ್ತಿ ಎಂದಿತು. ಗುರುಸಂಗಪ್ಪ ಆ ಹೊಗಳಿಕೆಗೆ ತಲೆಯಾಡಿಸುತ್ತಿದ್ದ, ಒಳಗೆ ಏನೋ ಕೊರೆಯುತ್ತಿತ್ತು. ಜಂಬಕ್ಕನಿಗೆ ಮಾತ್ರ ನಿಜ ಹೇಳಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಹೋಗಿ ಆ ತಾಯಿ ಕಾಲಾದ್ರೂ ಮುಟ್ಟಿ ಬಾ" ಎಂದಳು.

ಹೋಗಲು ಆರು ತಿಂಗಳು ಬೇಕಾಯಿತು. ಹೊಸಹಳ್ಳಿಯಲ್ಲಿ ಒಂದು ಮದುವೆಗೆ ಸೆಟ್ಟು ಕಟ್ಟಿ, ಮಧ್ಯಾಹ್ನ ಮೇಡಂ ಇದ್ದ ಬಾಡಿಗೆ ಮನೆ ಹುಡುಕಿಕೊಂಡು ಹೋದ. ಮೇಡಂ ಸ್ವಲ್ಪ ಸೊರಗಿದ್ದರು. ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು, ಅಂಗಡಿಯ ಬಾಗಿಲಿನ ಬರಹ ಇನ್ನೂ ಇದೆಯೇ ಎಂದು ಕೇಳಿದರು.

"ಮೇಡಮ್ಮಾರ, ಅವತ್ತು ನಾ ವೈರ್ ಬಿಚ್ಚೋದು ಮರತಿದ್ದೆ."

"ಗೊತ್ತು."

"ಮತ್ತ ಯಾಕ್ರಿ ಹಂಗಂದ್ರಿ?"

"ನಿಮ್ಮ ಕೈ ಎರಡೂ ತೊಡೆ ಕೆಳಗಿದ್ವಲ್ಲ, ಅದನ್ನ ನೋಡಿದ್ದೆ. ಅಷ್ಟು ಮಾಡಿದೋರ ಸೆಟ್ಟು ಠಾಣೆಗೆ ಹೋಗಬಾರ್ದು ಅನ್ನಿಸ್ತು."

ಗುರುಸಂಗಪ್ಪ ತಟ್ಟೆ ಸರಿಸಿ ಎದ್ದು ನಿಂತ. "ಅಧ್ಯಕ್ಷರ ಮುಂದ ಹೋಗಿ ನಿಜ ಹೇಳ್ತೀನ್ರಿ."

"ಅವರಿಗೆ ಹೇಳಿದ್ರೂ ನಡಿತೈತೆ, ಬಿಟ್ರೂ ನಡಿತೈತೆ. ನನ್ನ ವರ್ಗ ಏನು ಬದಲಾಗಲ್ಲ. ಇಲ್ಲಿ ಹುಡುಗ್ರೂ ಚೆನ್ನಾಗದಾರೆ." ಮೇಡಂ ಲೋಟ ಕೆಳಗಿಟ್ಟರು. "ಆದ್ರೆ ಅಫ್ರೀನ್‌ಗೆ ಹೇಳ್ರಿ. ಅವಳು ತನ್ನ ವರದಿಯಿಂದ ನನಗೆ ಹಿಂಗಾತು ಅಂದ್ಕಂಡಾಳೆ. ಮೂರು ಕಾಗದ ಬರದಾಳೆ, ಮೂರರಾಗೂ ಕ್ಷಮೆ ಕೇಳ್ಯಾಳೆ. ಇದಾಗಿದ್ದು ಅವಳ ಮಾತಿಂದಲ್ಲ, ಹಾರ್ನಿಂದ ಅಂತ ನಾನು ಬರದ್ರೆ ನಂಬಲ್ಲ, ಸಮಾಧಾನಕ್ಕೆ ಹೇಳ್ತಾರೆ ಅಂತಾಳೆ. ನೀವು ಹೇಳಿದ್ರೆ ನಂಬ್ತಾಳೆ."

"ಹೇಳ್ತೀನ್ರಿ. ನಾಳೇನ ಹೇಳ್ತೀನಿ."

ಮೇಡಂ ಅವನ ಜೊತೆ ಬಸ್ಸಿನ ತನಕ ನಡೆದು ಬಂದರು.

ನಾಳೆ ಬಂತು. ಅಫ್ರೀನ್ ಅಂಗಡಿಯ ಮುಂದೆ ಹಾದು, "ಕಾಕಾ, ಹೆಂಗದೀರಿ" ಎಂದಳು. ಅವಳ ಕಣ್ಣಲ್ಲಿ ಗೌರವವಿತ್ತು. ಶಾಲು ಅಲ್ಲಾಡಿದರೂ ಗುಂಡಿ ಮುಟ್ಟದ ಮೇಷ್ಟ್ರು ಅವನು. ಹೇಳಿದರೆ ಆ ಕೋಣೆಯಲ್ಲಿ ಬಾಯಿ ಮುಚ್ಚಿ ನಿಂತದ್ದನ್ನೂ ಹೇಳಬೇಕು. ಪರೀಕ್ಷೆ ಮುಗಿಯಲಿ ಎಂದುಕೊಂಡ. ಪರೀಕ್ಷೆ ಮುಗಿಯಿತು. ಅವಳು ಎಂ.ಎ. ಓದಲು ಹೋದಳು, ಹಡಗಲಿಯ ಕಡೆ ಉಪನ್ಯಾಸಕಿಯಾದಳು. ಅಷ್ಟರಲ್ಲಿ ನಾಗಲಿಂಗಮ್ಮ ಮೇಡಂ ಕಾಯಿಲೆ ಬಿದ್ದು ಅರಸೀಕೆರೆಯ ಅಣ್ಣನ ಮನೆಗೆ ಹೋದರು. ಎರಡು ಸಾವಿರದ ಆರರ ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋದ ಗುರುಸಂಗಪ್ಪ ಎಲ್ಲರೂ ಎದ್ದು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದ.

ಮರುವರ್ಷ ಕಾಲೇಜಿನವರು ಶನಿವಾರದ ಮಾತನ್ನು ಮತ್ತೆ ಶುರು ಮಾಡಿದರು. ಆಡಳಿತ ಮಂಡಳಿ ಬದಲಾಗಿತ್ತು, ಹಳೆಯ ಅಧ್ಯಕ್ಷರು ಇರಲಿಲ್ಲ. ಮೊದಲ ದಿನಕ್ಕೆ ಅಫ್ರೀನಳನ್ನು ಕರೆದಿದ್ದರು. ಗುರುಸಂಗಪ್ಪ ಸೆಟ್ಟು ಕಟ್ಟಿದ. ಫಕೀರಸಾಬ ಮುಂದಿನ ಸಾಲಿನಲ್ಲಿ ಮಗಳನ್ನು ನೋಡುತ್ತ ಕೂತಿದ್ದ.

ಅಫ್ರೀನ್ ಚೆನ್ನಾಗಿ ಮಾತಾಡಿದಳು. ಮೇಡಂ ವಿಷಯ ಬಂದಾಗ ಅವಳ ದನಿ ತಡವರಿಸಿತು. "ನಾನು ಅವತ್ತು ಓದಿದ್ದಕ್ಕೆ ನನಗೇನೂ ಆಗಲಿಲ್ಲ. ಶಿಕ್ಷೆ ಮೇಡಂಗೆ ಆಯಿತು. ಅವರು ಇಲ್ಲವೆಂದರೂ ಆ ಭಾರ ನನ್ನ ಮೇಲೆ ಹಾಗೇ ಇದೆ." ಆಮೇಲೆ ಕಣ್ಣೊರೆಸಿಕೊಂಡು ಇವನ ಕಡೆ ತಿರುಗಿ ನಕ್ಕಳು. "ನಮ್ಮ ಇನ್ನೊಬ್ಬ ಮೇಷ್ಟ್ರು ಇಲ್ಲೇ ಅದಾರ. ಕಾಕಾ, ಬರ್ರಿ, ಎರಡ್ ಮಾತು ಹೇಳ್ರಿ."

ಅಷ್ಟು ವರ್ಷ ಮೈಕು ಕಟ್ಟಿದ ಗುರುಸಂಗಪ್ಪ ಅದರ ಮುಂದೆ ಮಾತಾಡಲು ನಿಂತದ್ದು ಅದೇ ಮೊದಲು. ಹೆಸರು ಹೇಳಿದ, ಊರು ಹೇಳಿದ.

"ನಾಗಲಿಂಗಮ್ಮ ಮೇಡಮ್ಮಾರು ನನಗ ಓದಾಕ ಹಚ್ಚಿದ್ರು, ಬರಿಯಾಕ ಹಚ್ಚಿದ್ರು. ಮಂದಿ ಮಾತಿಗೆ ಅಡ್ಡ ಬರಬಾರ್ದು ಅಂತ ಕಲಿಸಿದ್ರು. ನಾ ಇವತ್ತು ಮನುಷ್ಯಾ ಅನ್ನಿಸ್ಕೊಂಡಿದ್ರ ಅವರಿಂದ. ಅವರ ಋಣ ನನ್ನ ಮ್ಯಾಲೆ ಐತ್ರಿ. ಎಷ್ಟೈತಿ ಅಂದ್ರ…"

ಅಲ್ಲಿಗೆ ನಿಂತ. ಮುಂದಿನದನ್ನು, ಆ ಹಾರ್ನಿನ ವೈರಿನ ಮಾತನ್ನು, ಹೇಳಲೆಂದೇ ಎದ್ದು ಬಂದಿದ್ದ. ಅಫ್ರೀನ್ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಅವನು ಸುಮ್ಮನಾದದ್ದನ್ನು ನೋಡಿ, ಮನಸ್ಸು ತುಂಬಿ ಬಂದಿದೆ ಎಂದುಕೊಂಡು ಹುಡುಗರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಅದು ನಿಲ್ಲುವಷ್ಟರಲ್ಲಿ ಗುರುಸಂಗಪ್ಪ ಕೈಮುಗಿದು, ಮೈಕನ್ನು ಮುಂದಿನ ಹುಡುಗಿಯ ಎತ್ತರಕ್ಕೆ ಇಳಿಸಿಕೊಟ್ಟು, ತನ್ನ ಜಾಗಕ್ಕೆ ಹೋಗಿ ಕೂತ.